ಹಾಲುಹಲ್ಲಿನವರ ಯೂನಿಫಾರಂ

ಜೂನ್ ೬

ಪುಟ್ಟಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಫೋನಿನಲ್ಲೇ ಮಾತಾಡಬಹುದಿತ್ತಲ್ಲ ಅಂತ ಪಕ್ಕದ ಮನೆಯವರು ಕೇಳಿದರು. ಫೋನಿನಲ್ಲಿ ನಿನ್ನ ಮಾತು ಅರ್ಧ, ನಿನ್ನ ಹಿಂದೆ ಅಳುವ ಮಕ್ಕಳದ್ದು ಅರ್ಧ. ನನ್ನ ಕಿವಿಗೆ ಎರಡನೆಯ ಅರ್ಧವೇ ಚೆನ್ನಾಗಿ ಕೇಳಿಸುತ್ತದೆ. ಕಾಗದದಲ್ಲಾದರೆ ನೀನು ಒಬ್ಬಳೇ ಸಿಗುತ್ತೀಯ.

ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಗೆ ಹೊಸದಾಗಿ ಬಂದ ಆಡಳಿತಾಧಿಕಾರಿಗಳು ನಿನ್ನ ಡೇಕೇರಿನ ಮಕ್ಕಳಿಗೆಲ್ಲ ಯೂನಿಫಾರಂ ಆಗಬೇಕು ಅಂದಿದ್ದಾರೆ. ಬೂದು ಚಡ್ಡಿ, ಬಿಳಿ ಅಂಗಿ, ಎದೆಯ ಮೇಲೆ ಬ್ಯಾಡ್ಜು. ಈಗಷ್ಟೇ ಗೋಡೆ ಬಿಟ್ಟು ನಡೆಯುವ ಕೂಸಿನಿಂದ ಹಿಡಿದು ಶಾಲೆಗೆ ಹೊರಟು ನಿಂತ ಹುಡುಗರವರೆಗೆ ಎಲ್ಲರಿಗೂ. ನೀನು ಆಗುವುದಿಲ್ಲ ಅಂದೆ. ಹಾಗಾದರೆ ಆಗಸ್ಟಿನಲ್ಲಿ ತಂದೆತಾಯಿಯರ ಸಭೆ ಕರೆಯೋಣ, ಅವರು ಹೂಂ ಅಂದರೆ ಜಾರಿ ಮಾಡಿ, ಇಲ್ಲವೇ ಮುಖ್ಯಸ್ಥೆಯ ಕುರ್ಚಿ ಬಿಡಿ ಅಂತ ಅವರಂದರು. ಅದಕ್ಕೆ ಮಾತ್ರ ನೀನು ಆಗಲಿ ಅಂದುಬಿಟ್ಟೆ. ಎಲ್ಲಿ ಆಗಲಿ ಅನ್ನಬೇಕೋ ಅಲ್ಲಿ ಆಗಲ್ಲ, ಎಲ್ಲಿ ಉಗುಳು ನುಂಗಿಕೊಂಡು ಸುಮ್ಮನಿರಬೇಕೋ ಅಲ್ಲಿ ಆಗಲಿ. ಇದು ನನ್ನ ಕಡೆಯಿಂದ ಬಂದದ್ದಲ್ಲ ಅಂತ ಮಾತ್ರ ಹೇಳಬಲ್ಲೆ. ನಿನ್ನಮ್ಮ ಇದ್ದಿದ್ದರೆ ಈ ಮಾತಿಗೆ ಸೌಟು ಹಿಡಿದೇ ಹೊರಗೆ ಬರುತ್ತಿದ್ದಳು.

ಪುಟ್ಟೀ, ಆ ಡೇಕೇರನ್ನು ಒಂದು ಖಾಲಿ ಸ್ಟೋರ್‌ರೂಮಿನಿಂದ ಶುರು ಮಾಡಿ ನಿಲ್ಲಿಸಿದವಳು ನೀನು. ಒಂದು ಚಡ್ಡಿಯ ಬಣ್ಣಕ್ಕೋಸ್ಕರ ಬಿಟ್ಟು ಬರುತ್ತೀಯಾ? ಇಷ್ಟಕ್ಕೂ ಯೂನಿಫಾರಂ ಕೆಟ್ಟದ್ದು ಅಂತ ಯಾರು ಹೇಳಿದರು ನಿನಗೆ? ನೀನು ಬೆಳೆದದ್ದು ಫೈರ್ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ. ನಾನು ಬಿ.ಎ. ಎರಡನೇ ವರ್ಷಕ್ಕೆ ಕೈಮುಗಿದು ಅಗ್ನಿಶಾಮಕ ದಳ ಸೇರಿದಾಗ ನಮ್ಮಕ್ಕ ಅತ್ತಿದ್ದಳು. ಖಾಕಿ ಹಾಕಿಕೊಂಡು ಮನೆಗೆ ಹೋದ ದಿನ ಅವಳೇ ನನ್ನನ್ನು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸಿಕೊಂಡು ಹೋಗಿ ಬಂದಳು, ಏನೂ ಕೊಳ್ಳುವುದಿರಲಿಲ್ಲ. ಕಾಲೇಜಿನಲ್ಲಿ ನಮಗೆ ಒಂದು ಪ್ರಬಂಧ ಬರೆಸಿದ್ದರು, ಯೂನಿಫಾರಂ ಈಸ್ ನಾಟ್ ಓನ್ಲಿ ಎ ಡ್ರೆಸ್ ಬಟ್ ಆಲ್ಸೋ ಎ… ಬಟ್ ಆಲ್ಸೋ ಆದಮೇಲೆ ಏನೋ ಇತ್ತು, ಹೊತ್ತಿಗೆ ಸರಿಯಾಗಿ ಕೈ ಕೊಡುತ್ತದೆ. ಅರ್ಥ ಮಾತ್ರ ನೆನಪಿದೆ. ಎಲ್ಲರೂ ಒಂದೇ ಅನ್ನುವುದು.

ಹಟ ಬಿಡು. ಇಲ್ಲಿ ಎಲ್ಲ ಚೆನ್ನಾಗಿದೆ. ಊಟ ತಿಂಡಿ ಹೊತ್ತಿಗೆ ಸರಿಯಾಗಿ ನಡೆಯುತ್ತಿದೆ.

ನಿನ್ನ,
ಅಪ್ಪ

ಜೂನ್ ೧೪

ಅಪ್ಪನಿಗೆ ನಮಸ್ಕಾರ.

ಮಕ್ಕಳು ಮಲಗಿದ್ದಾರೆ, ಅವರು ಏಳುವುದರೊಳಗೆ ಬರೆದು ಮುಗಿಸಬೇಕು. ಹಟ ಅಂತ ಬರೆದಿದ್ದೀರಿ. ಹಟ ಅಲ್ಲ, ನನ್ನ ಕೆಲಸ ನಡೆಯುವ ರೀತಿಯೇ ಅದು.

ಬೆಳಿಗ್ಗೆ ಬಾಗಿಲ ಹತ್ತಿರ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತೇನೆ. ಒಂದೊಂದೇ ಮಗು ಬರುತ್ತೆ. ನಾನು ಮೊದಲು ನೋಡುವುದು ಮುಖ ಅಲ್ಲ, ಬಟ್ಟೆ. ಗುಂಡಿ ಒಂದು ಕಾಜ ತಪ್ಪಿ ಹಾಕಿದ್ದರೆ ಅಪ್ಪ ತೊಡಿಸಿದ್ದು, ಅಮ್ಮ ಇನ್ನೂ ನೈಟ್ ಡ್ಯೂಟಿಯಿಂದ ಬಂದಿಲ್ಲ ಅಂತ. ಒಂದರ ಮೇಲೊಂದು ಅಂಗಿ ಇದ್ದರೆ ಅಜ್ಜಿ ಬಂದಿದ್ದಾರೆ. ನಿನ್ನೆಯ ಅಂಗಿಯೇ ಇದ್ದರೆ ಮನೆಯಲ್ಲಿ ಬೆಳಿಗ್ಗೆ ಅಂತ ಒಂದು ಆಗಲೇ ಇಲ್ಲ, ಆ ಮಗುವಿಗೆ ಏನೂ ಕೇಳದೆ ಮೊದಲು ತಿಂಡಿ. ಫ್ರಾಕಿನ ಕೆಳಗೆ ಮಲಗುವ ಪೈಜಾಮ ಹಾಗೇ ಇದ್ದರೆ ಗಲಾಟೆಯಲ್ಲಿ ಎದ್ದು ಬಂದದ್ದು, ಅವಳನ್ನು ಸ್ವಲ್ಪ ಹೊತ್ತು ಸೊಂಟದ ಮೇಲೆ ಇಟ್ಟುಕೊಂಡೇ ಓಡಾಡಬೇಕು. ಅಂಗಿ ಹಿಂದುಮುಂದಾಗಿ ಎದೆ ಸೆಟೆಸಿಕೊಂಡು ಬಂದರೆ ತಾನೇ ಹಾಕಿಕೊಂಡದ್ದು. ಅದನ್ನು ಸರಿ ಮಾಡಲು ಹೋದ ಆಯಾಗೆ ನನ್ನಿಂದ ಬೈಗುಳ ಗ್ಯಾರಂಟಿ.

ಇವರಲ್ಲಿ ಸುಮಾರು ಮಕ್ಕಳಿಗೆ ಇನ್ನೂ ಸರಿಯಾಗಿ ಮಾತು ಬರುವುದಿಲ್ಲ ಅಪ್ಪ. ಮನೆಯಲ್ಲಿ ಏನಾಯಿತು ಅಂತ ಬಟ್ಟೆ ಹೇಳುತ್ತೆ. ಎಲ್ಲರಿಗೂ ಬಿಳಿ ಅಂಗಿ ತೊಡಿಸಿದ ದಿನ ಎಲ್ಲರ ಬಾಯಿಯೂ ಮುಚ್ಚಿದ ಹಾಗೆ. ಎಲ್ಲರೂ ಒಂದೇ ಅಂದಿರಿ. ಒಂದೇ ಅಲ್ಲ ಅಂತ ನೋಡುವುದಕ್ಕೇ ನನಗೆ ಸಂಬಳ ಕೊಡುವುದು.

ಊಟ ತಿಂಡಿ ಸರಿಯಾಗಿದೆ ಅಂತ ನಾನು ಕೇಳದೆಯೇ ಬರೆದಿದ್ದೀರಿ. ಯಾಕೆ?

ಯಾರೋ ಎದ್ದರು. ನಿಲ್ಲಿಸುತ್ತೇನೆ.

ಪುಟ್ಟಿ

ಜೂನ್ ೨೫

ಪುಟ್ಟಿಗೆ ಆಶೀರ್ವಾದ.

ನಿನ್ನ ಕಾಗದ ಓದಿದೆ. ಪತ್ತೇದಾರಿ ಕೆಲಸಕ್ಕೆ ಸೇರಬೇಕಾದವಳು ದಾರಿ ತಪ್ಪಿ ಡೇಕೇರಿಗೆ ಬಂದಿದ್ದೀಯ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನೀನೇ ಹಿಂದೊಮ್ಮೆ ಹೇಳಿದ ಹಾಗೆ ಸ್ಕ್ಯಾನಿಂಗ್ ಡಾಕ್ಟರ ಮಗಳು ದಿನಕ್ಕೊಂದು ಫ್ರಾಕು ಹಾಕಿಕೊಂಡು ಬರುತ್ತಾಳೆ, ಪಕ್ಕದಲ್ಲಿ ವಾರ್ಡ್ ಗುಡಿಸುವವಳ ಮಗ ಕೂರುತ್ತಾನೆ. ಅವನ ಅಂಗಿಯೂ ಮಾತಾಡುತ್ತದಲ್ಲ ಮಾರಾಯ್ತಿ. ನಿನಗೆ ಮಾತ್ರ ಕೇಳಿಸುವ ಹಾಗೆ ಮಾತಾಡುತ್ತದಾ? ಇದಕ್ಕೆ ಉತ್ತರ ಬರೆ. ಈಕ್ವಾಲಿಟಿ ಅನ್ನುವ ಪದಕ್ಕೆ ನಮ್ಮ ಲೆಕ್ಚರರು ಒಂದು ಇಡೀ ಪೀರಿಯಡ್ ತೆಗೆದುಕೊಂಡಿದ್ದರು. ನಾನು ಆವತ್ತು ಕ್ಲಾಸಿನಲ್ಲಿದ್ದೆ, ಅದೂ ಮುಂದಿನ ಬೆಂಚಿನಲ್ಲಿ.

ಮಾತು ಸಾಕು, ಕೆಲಸ ತೋರಿಸೋಣ ಅಂತ ನಾನೇ ಒಂದು ಸ್ಯಾಂಪಲ್ ಹೊಲಿಸಿಬಿಟ್ಟೆ. ನಮ್ಮ ಬೀದಿ ಮೂಲೆಯ ದರ್ಜಿ, ನನ್ನ ಕೊನೆಯ ಯೂನಿಫಾರಂ ಹೊಲಿದವನು, ಅವನ ಹತ್ತಿರ ಹೋದೆ.

"ಯಾರಿಗೆ?" ಅಂದ.

"ಎರಡು ವರ್ಷದವರಿಗೆ."

"ಎರಡು ವರ್ಷದವರು ಯಾರು, ಕರ್ಕೊಂಡ್ಬನ್ನಿ. ಗಾಳಿಗೆ ಅಳತೆ ತಗೊಳ್ಳೋಕಾಗಲ್ಲ."

ಪಕ್ಕದ ಮನೆಯ ಕೂಸನ್ನು ಕೇಳಿಕೊಂಡು ಎತ್ತಿಕೊಂಡು ಹೋದೆ. ಅವಳು ಟೇಪು ಕಂಡವಳೇ ಅದರ ತುದಿ ಬಾಯಿಗಿಟ್ಟುಕೊಂಡಳು, ಬಿಡಿಸಿದರೆ ಬೀದಿಗೆಲ್ಲ ಕೇಳಿಸುವ ಹಾಗೆ ಕಿರುಚಿದಳು. "ಇವಳ ಸೊಂಟ ಎಲ್ಲಿ ಶುರುವಾಗುತ್ತೆ, ಹೊಟ್ಟೆ ಎಲ್ಲಿ ಮುಗಿಯುತ್ತೆ ಹೇಳಿ ನೋಡೋಣ ಫೈರ್ ಸಾಹೇಬ್ರೇ" ಅಂತ ದರ್ಜಿ ನನ್ನನ್ನೇ ಕೇಳಿದ. ಕೊನೆಗೆ ಎಲಾಸ್ಟಿಕ್ಕು ಅಂತ ಇಬ್ಬರೂ ಒಪ್ಪಿದೆವು. ಆದರೆ ಪುಟ್ಟೀ, ಹೊಲಿದಾದಮೇಲೆ ನೋಡಬೇಕಿತ್ತು ನೀನು. ಅಂಗೈಯಗಲದ ಬೆನ್ನು. ಎರಡು ಬೆರಳು ಹಿಡಿಸುವ ಜೇಬು. ಹೆಗಲ ಮೇಲೆ ಪಟ್ಟಿಯನ್ನೂ ಇಡಿಸಿದ್ದೇನೆ, ನಮ್ಮದರಲ್ಲಿ ಇರುತ್ತಿತ್ತಲ್ಲ ಹಾಗೆ. ನಾನೇ ಇಸ್ತ್ರಿ ಮಾಡಿದೆ. ಚಡ್ಡಿಗೆ ಗೆರೆ ಹೇಗೆ ಕೂತಿದೆ ಅಂದರೆ, ಅದರಿಂದ ಬೆಣ್ಣೆ ಕತ್ತರಿಸಬಹುದು.

ಸೇವೆಯಲ್ಲಿದ್ದವನಿಗೆ ಪದ್ಧತಿ ಅನ್ನುವುದೊಂದು ಇರುತ್ತದೆ. ಏನೇ ಇದ್ದರೂ ಥ್ರೂ ಪ್ರಾಪರ್ ಚಾನಲ್. ಮೇಲಿನವರಿಂದ ಕೆಳಗಿಳಿಯಬೇಕೇ ಹೊರತು ಅಡ್ಡದಾರಿಯಲ್ಲಿ ಹೋಗಬಾರದು. ಹಾಗಾಗಿ ಪಾರ್ಸೆಲ್ಲನ್ನು ನಿಮ್ಮ ಆಡಳಿತಾಧಿಕಾರಿಗಳ ಹೆಸರಿಗೇ ಕಳಿಸಿದ್ದೇನೆ, ಡೇಕೇರಿನ ಮುಖ್ಯಸ್ಥೆಯ ತಂದೆಯಿಂದ ಅಂತ ಮೇಲೆ ಬರೆದು. ಅವರು ನಿನಗೆ ತಲುಪಿಸುತ್ತಾರೆ. ನೋಡಿದ ಮೇಲೆ ನಿನ್ನ ಮನಸ್ಸು ಕರಗದಿದ್ದರೆ ಕೇಳು.

ನಿನ್ನ,
ಅಪ್ಪ

ಜುಲೈ ೯

ಅಪ್ಪನಿಗೆ,

ಪಾರ್ಸೆಲ್ ಬಂತು. ಬಂದು ಹತ್ತು ದಿನದ ಮೇಲಾಯಿತು. ನನಗೆ ತಲುಪಲಿಲ್ಲ. ಸಾಹೇಬರು ಅದನ್ನು ಹ್ಯಾಂಗರಿಗೆ ಹಾಕಿ ತಮ್ಮ ಆಫೀಸಿನ ಹೊರಗೆ, ನೋಟೀಸ್ ಬೋರ್ಡಿನ ಗಾಜಿನೊಳಗೆ ತೂಗುಹಾಕಿದ್ದಾರೆ. ಕೆಳಗೆ ಚೀಟಿ: 'ಡೇಕೇರ್ ಮುಖ್ಯಸ್ಥೆಯವರ ತಂದೆ, ನಿವೃತ್ತ ಅಗ್ನಿಶಾಮಕ ಅಧಿಕಾರಿ, ಪ್ರೀತಿಯಿಂದ ಹೊಲಿಸಿ ಕಳಿಸಿದ ಮಾದರಿ.'

ದಾರಿಯಲ್ಲಿ ಸಿಕ್ಕ ನರ್ಸುಗಳೆಲ್ಲ "ಏನು ಮಿಸ್, ನಿಮ್ಮ ಮನೆಯವರೇ ಒಪ್ಪಿದ್ದಾರಂತೆ?" ಅಂತ ಕೇಳುತ್ತಾರೆ. ನಾನು ನಗುತ್ತೇನೆ.

ಹೊಲಿಗೆ ಚೆನ್ನಾಗಿದೆ. ಅದೇ ಕಷ್ಟ.

ಇನ್ನೊಂದು ಮಾತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಲಾಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಇದ್ದಾಳೆ. ಅವಳ ಮಗ ಹೆಚ್ಚುಕಡಿಮೆ ದಿನವೂ ಒಂದೇ ಹಳದಿ ಅಂಗಿಯಲ್ಲಿ ಬರುತ್ತಾನೆ, ತೊಳೆದು ತೊಳೆದು ಬಣ್ಣ ಹೋಗಿದೆ. ಅದು ಅವನ ಇಷ್ಟದ ಅಂಗಿ, ಬಿಡಲು ಒಪ್ಪುವುದಿಲ್ಲ ಅಂತ ನಾನು ಓದಿಕೊಂಡಿದ್ದೆ. ಎಷ್ಟೋ ಸಲ ಅವನ ಮುಂದೆ ಆ ಅಂಗಿಯನ್ನು ಹೊಗಳಿದ್ದೇನೆ ಕೂಡ. ಮೊನ್ನೆ ಅವಳು ಆ ಗಾಜಿನ ಮುಂದೆ ನಿಂತಿದ್ದಳು. ನನ್ನನ್ನು ನೋಡಿ, "ಇದು ಯಾವಾಗ ಬರುತ್ತೆ ಮಿಸ್? ಬೇಗ ಬಂದ್ರೆ ಸಾಕು. ದಿನಾ ಅದೇ ಹಾಕ್ಕೊಂಡು ಬರ್ತೀಯ ಅಂತ ಯಾವುದೋ ಮಗು ಇವನಿಗೆ ಹೇಳ್ತಂತೆ. ನಮ್ಮನೇಲಿ ಇರೋದೇ ಅದು" ಅಂದಳು.

ನಿಮ್ಮ ಪ್ರಶ್ನೆಗೆ ಉತ್ತರ ಬರೆ ಅಂದಿದ್ದಿರಿ. ಆ ಅಂಗಿಯನ್ನು ಹೊಗಳುವುದನ್ನು ನಿಲ್ಲಿಸಿದ್ದೇನೆ, ಸದ್ಯಕ್ಕೆ ಅಷ್ಟೇ ಉತ್ತರ.

ಸಭೆ ಆಗಸ್ಟ್ ಎರಡಕ್ಕೆ. ನಿಮ್ಮನ್ನು ಅತಿಥಿಯಾಗಿ ಕರೆಸಬೇಕು ಅಂತ ಸಾಹೇಬರ ಅಪ್ಪಣೆ. ಕರೆದಿದ್ದೇನೆ. ಬರಲೇಬೇಕು ಅಂತೇನಿಲ್ಲ.

ಪುಟ್ಟಿ

ಜುಲೈ ೧೮

ಪುಟ್ಟಿಗೆ,

ನಿನ್ನ ಕಾಗದವನ್ನು ದರ್ಜಿಗೆ ಓದಿ ಹೇಳಿದೆ, ಅರ್ಧ ಮಾತ್ರ. ಗಾಜಿನೊಳಗೆ ಇಟ್ಟಿದ್ದಾರೆ ಅಂದದ್ದಕ್ಕೆ ಅವನಿಗೆ ಭಾರಿ ಖುಷಿ. ಮಿಕ್ಕ ಅರ್ಧ ನಾನೇ ಇಟ್ಟುಕೊಂಡೆ.

ಪದ್ಧತಿ ಪದ್ಧತಿ ಅಂತ ಬದುಕಿದವನಿಗೆ ಮನೆಗೂ ಆಫೀಸಿಗೂ ನಡುವೆ ಬಾಗಿಲಿರುತ್ತದೆ ಅನ್ನುವುದು ಹೊಳೆಯುವುದಿಲ್ಲ. ಹೊಟ್ಟೆಗೆ ಹಾಕಿಕೋ. ವಾಪಸ್ ಕೊಡಿ ಅಂತ ಸಾಹೇಬರನ್ನು ಕೇಳೋಣವೆಂದರೆ, ಕೊಟ್ಟದ್ದನ್ನು ಕೇಳುವುದು ಹೇಗೆ?

ಯೂನಿಫಾರಂ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಆ ಲಾಂಡ್ರಿ ತಾಯಿಯ ಮಾತು ಕೇಳಿ ಇನ್ನೂ ಗಟ್ಟಿಯಾಗಿದೆ. ಅದನ್ನೂ ಮುಚ್ಚಿಡುವುದಿಲ್ಲ. ಆದರೂ ಬರುತ್ತೇನೆ. ಕರೆದಿದ್ದೀಯಲ್ಲ.

ಬೆಳಗಿನ ಬಸ್ಸಿಗೆ ಬರುತ್ತೇನೆ, ಸ್ಟ್ಯಾಂಡಿಗೆ ಬರಬೇಡ. ಮಕ್ಕಳು ಬರುವ ಹೊತ್ತು ಅದು, ನಿನ್ನ ಸ್ಟೂಲು ಬಿಡಬೇಡ.

ಅಪ್ಪ

ಆಗಸ್ಟ್ ೫

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಪುಟ್ಟಿಯ ಊರಿಗೆ ಹೋಗಿ ಬಂದೆ. ನೀನು ಫೋನಿನಲ್ಲಿ "ಏನಾಯ್ತೋ, ಹುಡುಗಿ ಕೆಲಸ ಉಳೀತೇನೋ?" ಅಂತ ಕೇಳಿದಾಗ ಹೂಂ ಅಂತ ಇಟ್ಟುಬಿಟ್ಟೆ. ಒಂದು ಹೂಂ‌ನಲ್ಲಿ ಮುಗಿಯುವ ಮಾತಲ್ಲ ಅದು. ಟೀ ಇಟ್ಟುಕೊಂಡು ಕೂತು ಓದು.

ಬಸ್ಸಿಳಿದು ಸೀದಾ ಡೇಕೇರಿಗೆ ಹೋದೆ. ಆಸ್ಪತ್ರೆಯ ಹಿಂದೆ, ಲಾಂಡ್ರಿಯ ಹಬೆ ಹೊರಗೆ ಬರುತ್ತದಲ್ಲ, ಅದರ ಪಕ್ಕ. ಬಾಗಿಲಲ್ಲಿ ನಮ್ಮ ಪುಟ್ಟಿ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು. ಮಕ್ಕಳಿಗೆ ಅವಳ ಮುಖ, ಅವಳಿಗೆ ಮಕ್ಕಳ ಮುಖ, ಎರಡೂ ಒಂದೇ ಎತ್ತರದಲ್ಲಿ. ನಾನು ಹೋಗಿ ಎದುರಿಗೆ ನಿಂತೆ. ತಲೆಯೆತ್ತಿದಳು. ಬಂದ್ರಾ ಅನ್ನಲಿಲ್ಲ. ಅವಳ ಕಣ್ಣು ಮೊದಲು ನನ್ನ ಅಂಗಿಯ ಮೇಲೆ ಹೋಯಿತು, ಮೇಲಿಂದ ಕೆಳಕ್ಕೆ ಒಂದು ಸಲ. ಕಾಲರಿನ ಹತ್ತಿರ ಒಂದು ಕ್ಷಣ ನಿಂತಿತು. ನಾನು ಏನೆಂದು ನೋಡಿಕೊಂಡರೆ ಗುಂಡಿ ಒಂದು ಕಾಜ ತಪ್ಪಿ ಕೂತಿದೆ, ಕಾಲರು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಬಸ್ಸು ತಪ್ಪೀತು ಅಂತ ಕತ್ತಲಲ್ಲೇ ಹಾಕಿಕೊಂಡು ಹೊರಟದ್ದು. ತೋಳಿನ ಹೊಲಿಗೆಯೂ ಬಿಟ್ಟಿತ್ತು, ಅದು ಬಿಟ್ಟು ಬಹಳ ದಿನವಾಗಿತ್ತು.

ಅವಳು ಎದ್ದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಒಂದು ಪುಟಾಣಿ ಕುರ್ಚಿಯ ಮೇಲೆ ಕೂರಿಸಿದಳು, ಮಂಡಿ ಕಿವಿಗೆ ತಾಗುವಂಥ ಕುರ್ಚಿ. ಆಯಾ ಒಬ್ಬಳು ಬಿಸಿ ಹಾಲು, ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದಿಟ್ಟಳು. ಮಕ್ಕಳಿಗಿಂತ ಮೊದಲು ನನಗೆ. ತಿಂಡಿ ಆಯ್ತಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಆಯಿತು ಅಂದುಬಿಡುತ್ತಿದ್ದೆ. ಅವಳಿಗೆ ಕಾಗದದಲ್ಲೂ ಹಾಗೇ ಬರೆಯುವುದು. ತಟ್ಟೆ ಖಾಲಿ ಮಾಡಿ ಕೊಟ್ಟೆ.

ಆಮೇಲೆ ಅಲ್ಲೇ ಕೂತು ನೋಡಿದೆ. ಒಂದು ಹುಡುಗಿ ಫ್ರಾಕಿನ ಕೆಳಗೆ ಪೈಜಾಮದಲ್ಲಿ ಬಂದಳು. ಪುಟ್ಟಿ ಸೊಂಟಕ್ಕೇರಿಸಿಕೊಂಡಳು, ಆ ಕೂಸು ಅವಳ ಹೆಗಲಿಗೆ ಮುಖ ಒತ್ತಿ ಆಮೇಲೆ ಅತ್ತಿತು. ಮೊದಲು ಹೆಗಲು, ಆಮೇಲೆ ಅಳು. ಒಬ್ಬ ಅಂಗಿ ಹಿಂದುಮುಂದಾಗಿ ಹಾಕಿಕೊಂಡು ಬಂದು ನನ್ನ ಮುಂದೆ ನಿಂತ.

"ನಾನೇ" ಅಂದ.

"ಭೇಷ್" ಅಂದೆ.

"ನೀನು?" ಅಂತ ನನ್ನ ಸೊಟ್ಟ ಕಾಲರು ತೋರಿಸಿದ.

"ನಾನೇ" ಅಂದೆ.

"ಭೇಷ್" ಅಂದು ಹೋದ.

ಕೆಲಸ ಗೊತ್ತಿರುವವರನ್ನು ನಾನು ಕಂಡಿದ್ದೇನೆ ಅಕ್ಕ. ಹೊಗೆಯೊಳಗೆ ನಿಂತು, ಗೋಡೆ ಮುಟ್ಟಿ ನೋಡಿ, ಒಳಗೆ ಹೋಗಬಹುದು, ಬೇಡ ಅಂತ ಹೇಳುತ್ತಿದ್ದ ಒಬ್ಬ ಲೀಡಿಂಗ್ ಫೈರ್‌ಮನ್ ನಮ್ಮಲ್ಲಿದ್ದ. ಅವನ ಮಾತಿಗೆ ನಾವು ಪ್ರಾಣ ಕೊಡುತ್ತಿದ್ದೆವು. ಇವಳನ್ನು ನೋಡುತ್ತಾ ಅವನ ನೆನಪಾಯಿತು. ನನ್ನ ಮಗಳು ಅಂತ ಹೇಳುತ್ತಿಲ್ಲ. ಸರಿ, ಮಗಳು ಅಂತಲೇ ಹೇಳುತ್ತಿದ್ದೇನೆ, ಏನೀಗ? ಇದನ್ನು ಅವಳಿಗೆ ಹೇಳಲು ಹೋಗಬೇಡ. ನಿನ್ನ ಹೊಟ್ಟೆಯಲ್ಲೇ ಇರಲಿ.

ಸಭೆ ಮಧ್ಯಾಹ್ನ. ನಿವೃತ್ತರು ಸಮಾರಂಭಕ್ಕೆ ಯೂನಿಫಾರಂ ಹಾಕಬಹುದು ಅಂತ ಇದೆಯಲ್ಲ, ನಾನು ಚೀಲದಲ್ಲಿ ಇಸ್ತ್ರಿ ಮಾಡಿ ತಂದಿದ್ದೆ. ಮಕ್ಕಳ ಬಚ್ಚಲಲ್ಲಿ, ಮಂಡಿಯೆತ್ತರದ ಬೇಸಿನ್ನುಗಳ ನಡುವೆ ನಿಂತು ಹಾಕಿಕೊಂಡೆ. ಗುಂಡಿಗಳನ್ನು ಎರಡೆರಡು ಸಲ ನೋಡಿಕೊಂಡೆ. ಸೊಂಟದಲ್ಲಿ ಸ್ವಲ್ಪ ಬಿಗಿ, ಉಸಿರು ಮೇಲೆಯೇ ಇಟ್ಟುಕೊಳ್ಳಬೇಕು. ಹೊರಗೆ ಬಂದರೆ ಒಂದು ಕೂಸು, "ಪೋಲೀಸ್ ಮಾಮ ಬಂದ, ಯಾರು ಹಾಲು ಚೆಲ್ಲಿದ್ದು?" ಅಂತ ಓಡಿತು.

ಆಡಳಿತಾಧಿಕಾರಿಗಳು ನನ್ನನ್ನು ನೋಡಿ ಅರಳಿದರು. ಕೆಟ್ಟ ಮನುಷ್ಯರಲ್ಲ ಅಕ್ಕ, ಎಲ್ಲ ಸಾಲಾಗಿ ನಿಂತಿರಬೇಕು ಅನ್ನುವ ಪೈಕಿ, ನನ್ನ ಹಾಗೆಯೇ. ನಾನು ಹೊಲಿಸಿದ ಅಂಗಿಯನ್ನು ಮೇಜಿನ ಮೇಲೆ ತಂದಿಟ್ಟಿದ್ದರು. ಶಿಸ್ತು, ಸ್ವಚ್ಛತೆ, ಆಸ್ಪತ್ರೆಗೊಂದು ಶೋಭೆ ಅಂತ ಚೆನ್ನಾಗಿ ಮಾತಾಡಿದರು. ಎಷ್ಟೋ ತಲೆಗಳು ಅಲ್ಲಾಡಿದವು.

ಆಮೇಲೆ ಪುಟ್ಟಿ ಎದ್ದಳು. ಬಾಗಿಲಲ್ಲಿ ತಾನು ಏನು ನೋಡುತ್ತೇನೆ ಅಂತ ಹೇಳಿದಳು. ಹೇಳಿ, "ಒಂದು ಮಗುವಿನ ಬಟ್ಟೆಯನ್ನು ನಾನು ತಪ್ಪಾಗಿ ಓದಿದ್ದೆ. ಅದಕ್ಕೆ ನನಗೆ ನಾಚಿಕೆಯಿದೆ. ಆ ತಾಯಿ ಯೂನಿಫಾರಂ ಬೇಕು ಅಂದದ್ದು ಸರಿ. ಅವರಿಗೆ ಬೇಕಾಗಿರೋದು ಕೊಡ್ಬೇಕು, ಆದ್ರೆ ಮಕ್ಕಳ ಬಾಯಿ ಮುಚ್ಚಿಸದೆ ಕೊಡ್ಬೇಕು" ಅಂದಳು. ಯಾರ ಹೆಸರನ್ನೂ ಎತ್ತಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಅವಳು ಹೇಳಿದ ಉಪಾಯ ಇದು. ಯೂನಿಫಾರಮ್ಮಿಗೆ ಅಂತ ಇಟ್ಟಿರುವ ದುಡ್ಡಿನಲ್ಲೇ ಬಗೆಬಗೆಯ ಬಣ್ಣದ ಬಟ್ಟೆ ಹೊಲಿಸುವುದು. ಅವೆಲ್ಲ ಒಂದು ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ. ಮಗು ಮನೆಯ ಬಟ್ಟೆಯಲ್ಲಿ ಬರಲಿ, ಬಾಗಿಲಲ್ಲಿ ಪುಟ್ಟಿ ಅದನ್ನು ನೋಡಿಕೊಳ್ಳುತ್ತಾಳೆ. ಒಳಗೆ ಬಂದಮೇಲೆ ಕಪಾಟಿನಿಂದ ತನಗೆ ಬೇಕಾದದ್ದನ್ನು ತೆಗೆದು ಹಾಕಿಕೊಳ್ಳಲಿ. ಯಾವುದೂ ಯಾರದ್ದೂ ಅಲ್ಲ. ಇವತ್ತು ಡಾಕ್ಟರ ಮಗಳು ಹಾಕಿದ್ದನ್ನು ಲಾಂಡ್ರಿಯಲ್ಲಿ ಒಗೆದು ನಾಳೆ ಇನ್ನೊಬ್ಬರು ಹಾಕುತ್ತಾರೆ.

ಹಿಂದಿನ ಸಾಲಿನಿಂದ ಲಾಂಡ್ರಿ ತಾಯಿ ಎದ್ದಳು. ಅವಳೇ ಅಂತ ನನಗೆ ಕೈ ನೋಡಿ ಗೊತ್ತಾಯಿತು, ನೀರಲ್ಲಿ ನೆನೆದ ಕೈ. "ಮಿಸ್, ಆ ಕಪಾಟಿಗೆ ಅವರವರ ಮನೆಯಿಂದ ಹಳೇದು ತಂದು ಹಾಕ್ತಾರಾ? ಹಾಗಾದ್ರೆ ಬೇಡ" ಅಂದಳು.

"ಒಂದು ಚೂರೂ ಇಲ್ಲ. ಎಲ್ಲಾ ಹೊಸದು, ಒಂದೇ ಕಡೆ ಹೊಲಿಸಿದ್ದು. ಯಾರಾದ್ರೂ ತಂದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತೀನಿ, ಅದು ಡಾಕ್ಟರಾದ್ರೂ ಸರಿ" ಅಂದಳು ಪುಟ್ಟಿ. ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ಎಲ್ಲರೂ.

ಸಾಹೇಬರಿಗೆ ನಗು ಬರಲಿಲ್ಲ. "ಬಣ್ಣಬಣ್ಣದ ಸಂತೆ ಆಗುತ್ತಲ್ಲ! ಶಿಸ್ತು ಎಲ್ಲಿ ಬಂತು? ಜೀವಮಾನವಿಡೀ ಯೂನಿಫಾರಂ ಹಾಕಿದವರು ಇಲ್ಲೇ ಇದ್ದಾರೆ, ಈ ಮಾದರಿಯನ್ನ ಅವರೇ ಹೊಲಿಸಿದ್ದು. ಅವರೇ ಹೇಳಲಿ" ಅಂತ ನನ್ನ ಕಡೆ ಕೈ ತೋರಿಸಿದರು.

ಎದ್ದು ನಿಂತೆ ಅಕ್ಕ. ಒಂದು ಇಂಗ್ಲಿಷ್ ವಾಕ್ಯ ತಯಾರು ಮಾಡಿಕೊಂಡು ಹೋಗಿದ್ದೆ, ರೆಸ್ಪೆಕ್ಟೆಡ್ ಚೇರ್‌ಮನ್ ಅಂಡ್ ಡಿಯರ್ ಪೇರೆಂಟ್ಸ್ ಅಂತ ಶುರುವಾಗುವಂಥದ್ದು. ಡಿಯರ್ ಪೇರೆಂಟ್ಸ್ ತನಕ ಸುಗಮವಾಗಿ ಹೋಯಿತು. ಆಮೇಲೆ ಪೂರ್ತಿ ಖಾಲಿ. ಪುಟ್ಟಿ ನೆಲ ನೋಡುತ್ತಿದ್ದಳು. ನಾನು ಅವಳ ವಿರುದ್ಧವೇ ಮಾತಾಡುತ್ತೇನೆ ಅಂತ ಅವಳಿಗೆ ಗೊತ್ತಿತ್ತಲ್ಲ, ನಾನೇ ಬರೆದಿದ್ದೆ. ಮೇಜಿನ ಮೇಲೆ ಆ ಅಂಗೈಯಗಲದ ಬೆನ್ನು. ಆ ಹೆಗಲಪಟ್ಟಿ. ಅದನ್ನು ಕೈಯಲ್ಲಿ ತೆಗೆದುಕೊಂಡೆ.

ಕನ್ನಡದಲ್ಲೇ ಹೇಳಿದೆ. "ಇದನ್ನ ಹೊಲಿಸಿದ್ದು ನಾನೇ. ಚೆನ್ನಾಗಿದೆ. ಇದರ ಹೆಗಲ ಮೇಲಿರೋ ಪಟ್ಟಿ ನನ್ನ ಹೆಗಲ ಮೇಲೂ ಇದೆ, ನೋಡಿ. ನಾನು ಇದನ್ನ ಕೇಳಿ ಪಡೆದದ್ದು. ಮೈದಾನದಲ್ಲಿ ಓಡಿ, ಹಗ್ಗ ಹತ್ತಿ, ಒಬ್ಬ ಮನುಷ್ಯನನ್ನ ಹೆಗಲ ಮೇಲೆ ಹೊತ್ಕೊಂಡು ಏಣಿ ಇಳಿದು ತೋರಿಸಿದ ಮೇಲೆ ಕೊಟ್ಟರು. ಹಾಕ್ಕೊಂಡ ಮೇಲೆ ಎಲ್ಲರೂ ಹೊರಗೆ ಓಡಿ ಬರ್ತಿರೋ ಬಾಗಿಲೊಳಗೆ ನಾನು ಹೋಗ್ತೀನಿ ಅಂತ ಮಾತು ಕೊಟ್ಟೆ. ಈ ಬಟ್ಟೆ ಅಂದ್ರೆ ಆ ಮಾತು. ಇಲ್ಲಿ ನರ್ಸಮ್ಮ ಅಂಥ ಮಾತು ಕೊಟ್ಟಿದ್ದಾರೆ, ವಾಚ್‌ಮನ್ ಕೊಟ್ಟಿದ್ದಾನೆ. ಎರಡು ವರ್ಷದ ಮಗು ಯಾರಿಗೆ ಏನು ಮಾತು ಕೊಟ್ಟಿದೆ? ಅದರ ಮೇಲೆ ಯಾವ ಡ್ಯೂಟಿ ಇದೆ? ಹಾಲು ಕುಡಿಯೋದು, ಬೀಳೋದು, ಏಳೋದು. ಇದನ್ನ ಯಾರಿಗೆ ಬೇಕಾದ್ರೂ ತೊಡಿಸಿದ್ರೆ ನನ್ನ ಯೂನಿಫಾರಮ್ಮಿನ ಮರ್ಯಾದೆ ಕಡಿಮೆ ಆಗುತ್ತೆ ಸಾರ್. ನನಗೆ ಅದು ಇಷ್ಟ ಇಲ್ಲ."

ಇಷ್ಟೇ. ಕೂತುಬಿಟ್ಟೆ, ಪ್ಯಾಂಟಿನ ಕೊಂಡಿ ಟಪ್ ಅಂತು, ಅದೃಷ್ಟಕ್ಕೆ ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಇದನ್ನೆಲ್ಲ ಮೊದಲೇ ಯೋಚಿಸಿದ್ದೆ ಅಂದುಕೊಳ್ಳಬೇಡ. ಅಂಗಿ ಕೈಗೆ ಬಂದಮೇಲೆ ಬಾಯಿಗೆ ಬಂದದ್ದು.

ಕಪಾಟಿಗೆ ಕೈ ಎತ್ತಿ ಅಂದರು. ಎತ್ತಿದರು. ಲಾಂಡ್ರಿ ತಾಯಿ ಮೊದಲು ಎತ್ತಲಿಲ್ಲ. ಸುತ್ತ ನೋಡಿದಳು, ಪುಟ್ಟಿಯನ್ನು ನೋಡಿದಳು, ಆಮೇಲೆ ನಿಧಾನಕ್ಕೆ ಎತ್ತಿದಳು. ಆ ಕೈ ಮೇಲೆ ಹೋದಾಗ ಪುಟ್ಟಿ ಉಸಿರು ಬಿಟ್ಟದ್ದು ನನಗೆ ಕಂಡಿತು. ಸಾಹೇಬರು ಎಣಿಸಿ, ಒಂದು ವರ್ಷ ನಡೆಸಿ ನೋಡೋಣ, ಮುಖ್ಯಸ್ಥೆಯವರೇ ಮುಂದುವರಿಯಲಿ ಅಂದರು. ಮುಖ ಸ್ವಲ್ಪ ಊದಿತ್ತು, ಆದರೆ ಮಾತಿಗೆ ತಪ್ಪಲಿಲ್ಲ. ಅದಕ್ಕೆ ನನ್ನ ಗೌರವ.

ಬಸ್ ಸ್ಟ್ಯಾಂಡಿನ ತನಕ ಬಂದಳು. ದಾರಿಯಲ್ಲಿ ಟ್ರಾಫಿಕ್ ಜಾಸ್ತಿಯಾಗಿದೆ ಅಂತ ನಾನಂದೆ. ಹೌದು ಅಂತ ಅವಳಂದಳು.

ನಿನ್ನ ತಮ್ಮ

ಆಗಸ್ಟ್ ೬

ಪುಟ್ಟಿಗೆ ಆಶೀರ್ವಾದ.

ಸುಖವಾಗಿ ಬಂದು ಸೇರಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಕನ್ನಡಕದ ಡಬ್ಬಿ ನಿಮ್ಮಲ್ಲೇ ಬಿಟ್ಟು ಬಂದಿದ್ದೇನೆ ಅಂತ ಕಾಣುತ್ತೆ, ಮಕ್ಕಳು ಅದರಲ್ಲಿ ಏನಾದರೂ ತುಂಬಿಟ್ಟಿದ್ದರೆ ಹಾಗೇ ಇರಲಿ.

ಮೊಟ್ಟೆ ಚೆನ್ನಾಗಿ ಬೆಂದಿತ್ತು.

ಅಪ್ಪ

ಸೆಪ್ಟೆಂಬರ್ ೨೩

ಅಪ್ಪನ ಪಾದಗಳಿಗೆ.

ಕಪಾಟು ಬಂತು. ಮೊದಲ ದಿನ ಭಾರಿ ಜಗಳ, ಕೆಂಪಿಗೆ ಮಾತ್ರ ಎಲ್ಲರೂ. ಈಗ ಸುಮಾರು ಶಾಂತಿ. ಡಾಕ್ಟರ ಮಗಳಿಗೆ ಪಾಕೆಟ್ಟು ದೊಡ್ಡದಿರುವ ಚಡ್ಡಿಯೇ ಬೇಕು. ಲಾಂಡ್ರಿ ತಾಯಿಯ ಮಗ ಮೊದಲ ವಾರ ಏನನ್ನೂ ಮುಟ್ಟಲಿಲ್ಲ, ಹಳದಿ ಅಂಗಿಯಲ್ಲೇ ಕೂತ. ನಾನು ಸುಮ್ಮನಿದ್ದೆ. ಆಮೇಲೆ ಒಂದು ದಿನ ನೀಲಿಯದನ್ನು ಎಳೆದು ತಾನೇ ಹಾಕಿಕೊಂಡ, ಹಿಂದುಮುಂದಾಗಿ. ಸಂಜೆ ಅವನಮ್ಮ ಬಂದು ಗುರುತೇ ಸಿಗದವಳ ಹಾಗೆ ಅವನನ್ನು ದಾಟಿ ಹೋದಳು, ಆಟಕ್ಕೆ. ಅವನು ನಕ್ಕೂ ನಕ್ಕೂ ಕೂತುಬಿಟ್ಟ.

ಇನ್ನೊಂದು ಆಗಿದೆ, ಇದಕ್ಕೆ ನೀವೇ ಕಾರಣ. ಸಭೆಯಾದ ಮರುದಿನ ಆಯಾಗಳೆಲ್ಲ ಒಟ್ಟಾಗಿ ನನ್ನ ರೂಮಿಗೆ ಬಂದರು. "ಮಿಸ್, ಡ್ಯೂಟಿ ಇರೋರಿಗೆ ಯೂನಿಫಾರಂ ಅಂದ್ರಲ್ಲ ನಿಮ್ಮ ತಂದೆ. ಈ ಆಸ್ಪತ್ರೇಲಿ ಲಿಫ್ಟ್ ಒತ್ತೋನಿಗೂ ಇದೆ. ನಮಗೆ ಮಾತ್ರ ಇಲ್ಲ. ನಮ್ಮನ್ನ ನೋಡಿದೋರೆಲ್ಲ ಪೇಶೆಂಟ್ ಕಡೆಯೋರಾ ಅಂತ ಕೇಳ್ತಾರೆ. ಮಕ್ಕಳನ್ನ ನೋಡ್ಕೊಳ್ಳೋದು ಡ್ಯೂಟಿ ಅಲ್ವಾ?" ಅಂದರು. ನಾನು ಇಷ್ಟು ವರ್ಷ ಇದನ್ನು ಯೋಚಿಸಿರಲಿಲ್ಲ. ಸಾಹೇಬರ ಹತ್ತಿರ ಹೋದೆ. ಅವರಿಗೂ ಏನಾದರೊಂದು ಸಾಲಾಗಿ ನಿಲ್ಲಬೇಕಿತ್ತಲ್ಲ, ಆ ಕ್ಷಣವೇ ಒಪ್ಪಿದರು. ಬಣ್ಣ ನಾವೇ ಆರಿಸಿದೆವು, ಕಡು ಹಸಿರು. ಎದೆಯ ಮೇಲೆ ನಮ್ಮ ಕೆಲಸದ ಹೆಸರು. ನನಗೂ ಒಂದು.

ಸೋಮವಾರ ಹಾಕಿಕೊಂಡು ಬಾಗಿಲಲ್ಲಿ ಕೂತೆ. ಮಕ್ಕಳು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು, ನಾನು ಅವರನ್ನು ನೋಡುವ ಹಾಗೆಯೇ. ಪಾಸಾದೆ ಅನ್ನಿಸುತ್ತೆ.

ಒಂದು ಫೋಟೋ ಇಟ್ಟಿದ್ದೇನೆ. ತೋಳಿಗೆ ಇಸ್ತ್ರಿ ಮಾಡಿದರೆ ಎರಡೆರಡು ಗೆರೆ ಬೀಳುತ್ತೆ ಅಪ್ಪ, ಹೇಗೆ ಸರಿ ಮಾಡುವುದು?

ಮುಂದಿನ ತಿಂಗಳು ರಜೆ ಹಾಕಿ ಬರುತ್ತೇನೆ. ನಿಮ್ಮ ಅಂಗಿಗಳನ್ನೆಲ್ಲ ಹೊರಗೆ ತೆಗೆದಿಡಿ, ಹೊಲಿಗೆ ಬಿಟ್ಟವು ಒಂದು ಕಡೆ.

ನಿಮ್ಮ,
ಪುಟ್ಟಿ

ಸೆಪ್ಟೆಂಬರ್ ೨೯

ಪುಟ್ಟಿಗೆ ಅಪ್ಪನ ಆಶೀರ್ವಾದ.

ಮೊದಲು ಇಸ್ತ್ರಿ. ತೋಳನ್ನು ಹೊಲಿಗೆಯ ಗುಂಟ ಮಡಿಸಿ, ಒಳಗಿನ ಮಡಿಕೆಯನ್ನು ಕೈಯಿಂದ ಸವರಿ ಸವರಿ ಸಪಾಟು ಮಾಡಿಕೋ. ಇಸ್ತ್ರಿಪೆಟ್ಟಿಗೆಯನ್ನು ಎಳೆಯಬೇಡ, ಒತ್ತಿ ಎತ್ತು. ಹೊರಗಿನ ತುದಿಯನ್ನು ಒಂದೇ ಸಲಕ್ಕೆ ಮುಗಿಸು. ಎರಡನೇ ಸಲ ಹೋದೆಯೋ, ಎರಡನೇ ಗೆರೆ ಬಂತು ಅಂತ ಲೆಕ್ಕ. ಬಟ್ಟೆ ಅರೆತೇವ ಇರಬೇಕು. ಕಾಲರಿಗೆ ತುದಿಯಿಂದ ನಡುವಿಗೆ ಬಾ, ನಡುವಿನಿಂದ ತುದಿಗೆ ಹೋದರೆ ಮುದುರುತ್ತದೆ. ಇದನ್ನು ಆಯಾಗಳಿಗೂ ಹೇಳಿಕೊಡು, ಒಬ್ಬರಿಗೆ ಸೊಟ್ಟಗಿದ್ದರೆ ಎಲ್ಲರದ್ದೂ ಸೊಟ್ಟ ಕಾಣುತ್ತೆ.

ಇನ್ನು ಫೋಟೋ. ಅದನ್ನು ಕವರಿನಿಂದ ಹೊರಗೆ ಎಳೆದಾಗ ನಾನು ವರಾಂಡದಲ್ಲಿ ಕೂತಿದ್ದೆ. ಆಮೇಲೆ ನೋಡಿಕೊಂಡರೆ ಎದ್ದು ನಿಂತಿದ್ದೇನೆ. ಹಿಮ್ಮಡಿ ಕೂಡಿಸಿ, ಕೈ ಪಕ್ಕಕ್ಕೆ ಬಿಟ್ಟು. ನಾನು ಏಳಲಿಲ್ಲ ಪುಟ್ಟೀ, ಕಾಲು ತಾನೇ ಎದ್ದಿತು. ಅಷ್ಟು ಹೊತ್ತಿಗೆ ದರ್ಜಿ ಬಂದ, ಗೇಟಿನಲ್ಲೇ ನಿಂತ.

"ಏನ್ರೀ ಫೈರ್ ಸಾಹೇಬ್ರೇ, ಒಬ್ರೇ ಅಟೆನ್ಷನ್ನಲ್ಲಿ? ಯಾರು ಬಂದಿದ್ದಾರೆ?"

"ಆಫೀಸರು" ಅಂದೆ.

ಅವನು ಬೀದಿಯ ಆ ಕಡೆ ಈ ಕಡೆ ನೋಡಿದ. ನಾನು ಫೋಟೋ ತೋರಿಸಿದೆ. ಕನ್ನಡಕ ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ನೋಡಿ, "ಹೊಲಿಗೆ ಸುಮಾರು. ಹಾಕ್ಕೊಂಡೋರು ಭರ್ಜರಿ" ಅಂದ. ಅವನ ಬಾಯಿಂದ ಇಷ್ಟು ಬಂದದ್ದೇ ಹೆಚ್ಚು. ಆಮೇಲೆ ಅವನೂ ಕೊರಳಿನಲ್ಲಿದ್ದ ಟೇಪು ತೆಗೆದು ಜೇಬಿಗೆ ಹಾಕಿಕೊಂಡು ನನ್ನ ಪಕ್ಕ ಸ್ವಲ್ಪ ಹೊತ್ತು ನೆಟ್ಟಗೆ ನಿಂತ.

ಅಂಗಿಗಳನ್ನು ತೆಗೆದಿಟ್ಟಿದ್ದೇನೆ. ಬಾ.

ಅಕ್ಷರ ಸೊಟ್ಟಗಿದ್ದರೆ ಮನ್ನಿಸು. ಮೇಜಿಗೆ ಬಗ್ಗಿ ನಿಂತೇ ಬರೆಯುತ್ತಿದ್ದೇನೆ. ಆಫೀಸರು ಇನ್ನೂ ಕೂತುಕೊಳ್ಳಿ ಅಂದಿಲ್ಲ.

ನಿನ್ನ,
ಅಪ್ಪ